ಬ್ರಾಂಡೆನ್‌ಬುರ್ಗಿನ ಮಹಾ ಎಲೆಕ್ಟರ್: ಸೈನ್ಯ ಮೊದಲೋ, ತೆರಿಗೆ ಮೊದಲೋ?

ಪಿಯು_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೇಲಿ ಕೂತುಬಿಟ್ಟಿದೆ, ಇಲ್ಲಿ ಇಳಿಸ್ತಾ ಇದೀನಿ.

ಮೊನ್ನೆ ಕ್ಲಾಸಲ್ಲಿ ಜರ್ಮನ್ ನಾಡುಗಳನ್ನ ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧ (1618-48) ಮುಗಿಸಿ ಬ್ರಾಂಡೆನ್‌ಬುರ್ಗಿನ ಫ್ರೆಡ್ರಿಕ್ ವಿಲ್ಹೆಲ್ಮ್ ಹತ್ರ ಬಂದೆ. ಬರ್ಲಿನ್ ಸುತ್ತಲಿನ ಆ ಜರ್ಮನ್ ಸಂಸ್ಥಾನದ ದೊರೆ, ಮುಂದೆ "ಮಹಾ ಎಲೆಕ್ಟರ್" ಅನ್ನಿಸಿಕೊಂಡವನು. 1640ರ ಡಿಸೆಂಬರಲ್ಲಿ ಪಟ್ಟಕ್ಕೆ ಬಂದಾಗ ಹುಡುಗನಿಗೆ ಇಪ್ಪತ್ತು ವರ್ಷ. ಬ್ರಾಂಡೆನ್‌ಬುರ್ಗನ್ನ ಸ್ವೀಡನ್ನಿನವರೂ ಚಕ್ರವರ್ತಿಯ ಸೈನಿಕರೂ ಸರದಿ ಮೇಲೆ ಸುಲಿದಿದ್ದರು, ಜನಸಂಖ್ಯೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಬರ್ಲಿನ್ ಎಷ್ಟು ಹಾಳಾಗಿತ್ತು ಅಂದ್ರೆ ದೊರೆ ಮೊದಲ ಎರಡು ವರ್ಷ ಅಲ್ಲಿಗೆ ಹೋಗದೆ ದೂರದ ಪ್ರಶ್ಯದ ಕ್ಯೋನಿಗ್ಸ್‌ಬೆರ್ಗಲ್ಲೇ ಉಳಿದ, 1643ರಲ್ಲಿ ವಾಪಸ್ ಬಂದ. ಸೈನ್ಯ ಅಂತ ಇದ್ದದ್ದು ಮಾತು ಕೇಳದ ಕೆಲವು ಸಾವಿರ ಜನ. ಅದೇ ಮನುಷ್ಯ 1688ರಲ್ಲಿ ಸಾಯುವಾಗ ಸುಮಾರು 30,000 ಜನರ ಖಾಯಂ ಸೈನ್ಯ, ಅದಕ್ಕೆ ಸಂಬಳ ಕೊಡುವ ತೆರಿಗೆ ವ್ಯವಸ್ಥೆ, ಅಂಚೆ, ಕಾಲುವೆ ಎಲ್ಲ ಬಿಟ್ಟು ಹೋದ.

ಇಷ್ಟು ಹೇಳಿ ಮುಗಿಸೋ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಸೈನ್ಯ ಕಟ್ಟೋಕೆ ದುಡ್ಡು ಬೇಕು. ದುಡ್ಡು ವಸೂಲಿ ಮಾಡೋಕೆ ಸೈನ್ಯ ಬೇಕು. ಅವನ ಹತ್ರ ಎರಡೂ ಇರ್ಲಿಲ್ಲ ಅಂದ್ರಿ. ಹಾಗಾದ್ರೆ ಮೊದಲು ಯಾವುದು ಬಂತು?"

ಬೆಲ್ ಹೊಡೀತು, ಬಚಾವಾದೆ. ಶುಕ್ರವಾರ ಮತ್ತೆ ಅದೇ ಕ್ಲಾಸಿದೆ. ಬಲ್ಲವರು ಹೇಳಿ.

ಗುಂಡು_ಮದ್ದು

ಇದೇನು ಪ್ರಶ್ನೆ ಗುರು, ಸೈನ್ಯಾನೇ ಮೊದಲು. 1675ರ ಫೆರ್ಬೆಲ್ಲಿನ್ ಕದನ! ಆಗಿನ ಕಾಲಕ್ಕೆ ಸೋಲೇ ಇಲ್ಲ ಅಂತ ಹೆಸರಾಗಿದ್ದ ಸ್ವೀಡನ್ ಸೈನ್ಯಾನ ಓಡಿಸಿದ. "ಮಹಾ" ಅನ್ನೋ ಬಿರುದು ಬಂದದ್ದೇ ಆಮೇಲೆ. ತೆರಿಗೆ ಕಟ್ಟಿಸಿಕೊಂಡೋರಿಗೆಲ್ಲ ಯಾರು ಬಿರುದು ಕೊಡ್ತಾರೆ?

ಸುಮ್ನೆ_ಓದ್ತೀನಿ

ಎಲೆಕ್ಟರ್ ಅಂದ್ರೆ ಏನು? ಓಟು ಹಾಕೋನಾ?

ನಕಾಶೆ_ಹುಚ್ಚ

ತಮಾಷೆಗೆ ಕೇಳಿದ್ರೂ ಸರಿಯಾಗೇ ಹೇಳಿದ್ರಿ, ಓಟು ಹಾಕೋನೇ. ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯನ್ನ ಆರಿಸೋ ಹಕ್ಕಿದ್ದ ದೊರೆಗಳು ಇವರು. ಮೊದಲು ಏಳು ಮಂದಿ, 1648ರ ಒಪ್ಪಂದದಲ್ಲಿ ಎಂಟಾಯ್ತು. ಅಂದ್ರೆ ಗೌರವ ಬಹಳ, ಕೈಯಲ್ಲಿ ಏನೂ ಇಲ್ಲ.

ಮೇಷ್ಟ್ರೇ, ಸೈನ್ಯ-ತೆರಿಗೆಗೆ ಮುಂಚೆ ಬೋರ್ಡ್ ಮೇಲೆ ಒಂದು ನಕಾಶೆ ಬರೀರಿ. ಅವನದ್ದು ಒಂದು ರಾಜ್ಯವೇ ಅಲ್ಲ, ಮೂರು ಚೂರು. ಪಶ್ಚಿಮದಲ್ಲಿ ರೈನ್ ನದಿ ಹತ್ರ ಕ್ಲೇವ್, ಮಾರ್ಕ್. ನಡುವೆ ಬ್ರಾಂಡೆನ್‌ಬುರ್ಗ್, ಮರಳು ನೆಲ, ಪೈನ್ ಕಾಡು. ಪೂರ್ವಕ್ಕೆ, ಪೋಲೆಂಡಿನ ನೆಲ ದಾಟಿ, ಪ್ರಶ್ಯ ಡಚಿ (ಡ್ಯೂಕ್ ಆಳೋ ಸಂಸ್ಥಾನ). ಕ್ಲೇವ್‌ನಿಂದ ಕ್ಯೋನಿಗ್ಸ್‌ಬೆರ್ಗಿಗೆ ಕಾಗೆ ಹಾರಿದ ದಾರೀಲೇ ಸುಮಾರು 1,000 ಕಿಲೋಮೀಟರ್. ನಡುವೆ ಸಿಗೋದೆಲ್ಲ ಬೇರೆಯವರ ನೆಲ.

ಇನ್ನೂ ಮಜಾ ಏನಂದ್ರೆ ಪ್ರಶ್ಯ ಅವನದ್ದೂ ಅಲ್ಲ. ಪೋಲೆಂಡ್ ದೊರೆಯ ಸಾಮಂತನಾಗಿ ಆಳ್ತಿದ್ದ. 1641ರಲ್ಲಿ ವಾರ್ಸಾಗೆ ಹೋಗಿ ಪೋಲೆಂಡ್ ದೊರೆ ಮುಂದೆ ಮಂಡಿಯೂರಿ ನಿಷ್ಠೆ ಒಪ್ಪಿಸಿ ಬಂದಿದ್ದಾನೆ. ಈ ಮೂರು ಚೂರಿಗೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಸಭೆ. ಕ್ಲೇವಿನವರಿಗೆ ಪ್ರಶ್ಯದ ಜಗಳ ನಮಗ್ಯಾಕೆ ಅನ್ನೋ ಭಾವ, ಪ್ರಶ್ಯದವರಿಗೆ ಕ್ಲೇವ್ ಎಲ್ಲಿದೆ ಅಂತಾನೇ ಬೇಕಾಗಿರಲಿಲ್ಲ. ಒಬ್ಬ ಯಜಮಾನ, ಮೂರು ಒಲೆ.

ಕಂದಾಯ_ಕಾಕಾ

ಮಾಸ್ತರ, ನಾ ಮೂವತ್ತೊಂದ ವರ್ಷ ಕಂದಾಯ ಇಲಾಖೆಯೊಳಗ ಕೆಲಸ ಮಾಡಿ ರಿಟೈರ್ ಆದಾವ. ನನಗ ಯುದ್ಧದ ಕಥಿ ಹೇಳಬ್ಯಾಡ್ರಿ, ಲೆಕ್ಕದ ಪುಸ್ತಕ ತೋರಸ್ರಿ.

ಆ ಹುಡುಗಿಗೆ ಹೇಳ್ರಿ, ಎಲ್ಲಾ ಶುರು ಆಗಿದ್ದು 1653ರಾಗ ಅಂತ. ಬ್ರಾಂಡೆನ್‌ಬುರ್ಗದಾಗ ಜಮೀನ್ದಾರರು ಮತ್ತ ಪಟ್ಟಣದವರು ಕೂಡಿ ಒಂದು ಸಭಾ ಇತ್ತು. ತೆರಿಗಿ ಬೇಕಂದ್ರ ದೊರಿ ಆ ಸಭಾದ ಮುಂದ ಕೈ ಒಡ್ಡಬೇಕು. ಇವ ಕೇಳಿದಾ, ಅವರು ಒಂದ ವರ್ಷಕ್ಕೂ ಮಿಕ್ಕಿ ಎಳದಾಡಿದ್ರು. ಕಡೀಕ ಕೊಟ್ಟದ್ದು 5,30,000 ಥಾಲರ್ (ಆಗಿನ ಬೆಳ್ಳಿ ನಾಣ್ಯ), ಆರು ವರ್ಷದಾಗ ಕಂತಿನ್ಯಾಗ. ಭಾಗಾಕಾರ ಮಾಡಿ ನೋಡ್ರಿ, ವರ್ಷಕ್ಕ 88,000 ಚಿಲ್ರಿ. ಆ ರೊಕ್ಕದಾಗ ಭಾರೀ ಸೈನ್ಯ ಆಗೂದಿಲ್ಲ. ಆದ್ರ ಒಂದ ಸಣ್ಣ ಪಡಿ ಮನಿಗೆ ಕಳಸದ ಇಟ್ಕೊಬೌದು. ಅದನ್ನ ಬೇಕಾಗಿತ್ತು ಅವಗ.

ಕಂತು ಮುಗಿಯೂದರಾಗ 1655ಕ್ಕ ಸ್ವೀಡನ್-ಪೋಲೆಂಡ್ ಯುದ್ಧ ಹತ್ತಿತು. ಸಭಾದವರು, ಇದು ಪ್ರಶ್ಯದ ಜಗಳ, ನಾವ್ಯಾಕ ಕೊಡೂಣು ಅಂದ್ರು. ಇವ ಕೇಳಲಿಲ್ಲ, ಇದ್ದ ಸಿಪಾಯಿಗಳನ್ನ ಹಚ್ಚಿ ವಸೂಲಿ ಮಾಡಿದಾ. ಆ ಪೂರ್ಣ ಸಭಾ ಮುಂದ ಎಂದೂ ಕೂಡಲೇ ಇಲ್ಲ.

ಅಂದ್ರ: ಮೊದಲ ಸ್ವಲ್ಪ ತೆರಿಗಿ, ಅದರಿಂದ ಸ್ವಲ್ಪ ಸೈನ್ಯ, ಆ ಸೈನ್ಯದಿಂದ ಭಾಳ ತೆರಿಗಿ, ಅದರಿಂದ ಭಾಳ ಸೈನ್ಯ. ಹಾಲಿಗೆ ಹೆಪ್ಪು ಹಾಕಿದಂಗ. ಹೆಪ್ಪು 1653ರದ್ದು.

ಪಿಯು_ಮೇಷ್ಟ್ರು

ಕಾಕಾ, ಹೆಪ್ಪಿನ ಮಾತು ಶುಕ್ರವಾರಕ್ಕೆ ಎತ್ತಿಟ್ಟುಕೊಂಡೆ. 🙏

ಶರಾವತಿ_ತೀರ

ಕಾಕಾ ಲೆಕ್ಕ ಚೆನ್ನಾಗಿ ಹೇಳಿದ್ರಿ, ಆದರೆ ರಸೀದಿಯ ಒಂದೇ ಬದಿ ತೋರಿಸಿದ್ರಿ. ಜಮೀನ್ದಾರರು ಆ ದುಡ್ಡನ್ನ ಪುಕ್ಕಟೆ ಒಪ್ಪಿದ್ರಾ? ಬದಲಿಗೆ ಏನು ಸಿಕ್ಕಿತು?

1653ರ ಅದೇ ಒಪ್ಪಂದದಲ್ಲಿ ಅವರ ಹಕ್ಕುಗಳನ್ನೆಲ್ಲ ದೊರೆ ಬರೆದುಕೊಟ್ಟ. ಹಳ್ಳಿಯಲ್ಲಿ ನ್ಯಾಯ ಹೇಳೋದು ಅವರೇ, ಬಿಟ್ಟಿ ದುಡಿಸಿಕೊಳ್ಳೋದು ಅವರೇ, ಅವರ ಸ್ವಂತ ಜಮೀನಿಗೆ ತೆರಿಗೆ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಜೀತದ ಷರತ್ತು. ಜೀತದ ವಾಡಿಕೆ ಇದ್ದ ಕಡೆ ರೈತನನ್ನ ಜೀತದವನು ಅಂತಲೇ ತಿಳಿಯಬೇಕು. ಅಲ್ಲ ಅನ್ನೋದಾದ್ರೆ ರೈತನೇ ಸಾಬೀತು ಮಾಡಬೇಕು. ಯುದ್ಧದಲ್ಲಿ ಊರು ಸುಟ್ಟು, ಚರ್ಚಿನ ದಾಖಲೆ ಸುಟ್ಟು, ಅರ್ಧ ಜನ ಸತ್ತು ಹೋದ ನಾಡಲ್ಲಿ ರೈತ ಯಾವ ಕಾಗದ ತಂದು ತೋರಿಸ್ತಾನೆ?

ಜನ ಕಡಿಮೆ ಆಗಿದ್ರಿಂದ ಕೂಲಿ ಏರಬೇಕಿತ್ತು, ರೈತನ ಮಾತಿಗೆ ಬೆಲೆ ಬರಬೇಕಿತ್ತು. ಆಗಲೇ ಅವನ ಕಾಲಿಗೆ ಹಗ್ಗ ಬಿತ್ತು. "ಸೈನ್ಯ ನಿನಗೆ, ರೈತ ನಮಗೆ", ವ್ಯವಹಾರ ಅಷ್ಟೇ. ಬಲಿಷ್ಠ ರಾಜ್ಯ ಅಂತ ನಾವು ಹೊಗಳ್ತಾ ಇರೋದು ಇದನ್ನೇ.

ಗುಂಡು_ಮದ್ದು

ಬಂತಪ್ಪ ಭಾಷಣ. ಆ ಕಾಲದಲ್ಲಿ ಎಲ್ಲ ಕಡೆ ಹಾಗೇ ಇತ್ತು ಅಕ್ಕಾ. ಸೈನ್ಯ ಇಲ್ದಿದ್ರೆ ಆ ರೈತನ ಮನೆಗೆ ಮತ್ತೆ ಸ್ವೀಡನ್ನಿನವನು ಬೆಂಕಿ ಇಡ್ತಿದ್ದ.

ಶರಾವತಿ_ತೀರ

ಎಲ್ಲ ಕಡೆ ಹಾಗೇ ಇರಲಿಲ್ಲ ತಮ್ಮಾ. ನೀನು ಮೇಲಿನ ನಕಾಶೆಯಲ್ಲಿ ಪಶ್ಚಿಮದ ಚೂರು ನೋಡು. ಕ್ಲೇವ್, ಮಾರ್ಕ್ ಕಡೆ ರೈತರು ಬಹುಪಾಲು ಗೇಣಿದಾರರು, ಜೀತ ಅಲ್ಲ. ಅಲ್ಲಿ ಪಟ್ಟಣಗಳು ಗಟ್ಟಿ, ಪಕ್ಕದಲ್ಲೇ ಡಚ್ಚರು. ಅಲ್ಲಿನ ಸಭೆ ಕೊನೇವರೆಗೂ ಸೇರ್ತಾನೇ ಇತ್ತು, ತೆರಿಗೆಗೆ ಹ್ಞೂಂ-ಊಹ್ಞೂಂ ಅನ್ನೋ ಹಕ್ಕನ್ನೂ ಬಿಡಲಿಲ್ಲ. ಒಬ್ಬನೇ ದೊರೆ, ಎರಡು ಥರದ ಚೌಕಾಸಿ. ಹಾಗಾಗಿ "ಕಾಲಧರ್ಮ" ಅಂತ ಒಂದೇ ಮಾತಲ್ಲಿ ಮುಗಿಸಬೇಡ.

ನಕಾಶೆ_ಹುಚ್ಚ

ಇದು ಸರಿಯಾದ ಮಾತು. ಅವನು ಎಲ್ಲ ಕಡೆ ಒಂದೇ ಕೋಲು ಹಿಡಿದವನಲ್ಲ. ಕೋಲು ಜೋರಾಗಿ ಬಿದ್ದಿದ್ದು ಪ್ರಶ್ಯದಲ್ಲಿ.

ಪೋಲೆಂಡ್-ಸ್ವೀಡನ್ ಯುದ್ಧದಲ್ಲಿ ಮೊದಲು ಸ್ವೀಡನ್ ಜೊತೆ ಸೇರಿದ. 1656ರ ವಾರ್ಸಾ ಕದನದಲ್ಲಿ ತನ್ನ ಒಡೆಯನಾದ ಪೋಲೆಂಡ್ ದೊರೆ ವಿರುದ್ಧವೇ ಗೆದ್ದ. ಮರುವರ್ಷ ಗಾಳಿ ತಿರುಗಿತು, ಇವನೂ ತಿರುಗಿದ. ಪೋಲೆಂಡ್ ಕಡೆ ಬರೋಕೆ ಕೇಳಿದ ಬೆಲೆ: ಪ್ರಶ್ಯದ ಮೇಲೆ ಇನ್ನು ನಿಮ್ಮ ಒಡೆತನ ಬೇಡ, ನಾನೇ ಸ್ವತಂತ್ರ. 1657ರ ವೇಲಾವ್ ಒಪ್ಪಂದದಲ್ಲಿ ಅದು ಸಿಕ್ತು, 1660ರ ಒಲಿವಾ ಒಪ್ಪಂದದಲ್ಲಿ ಯುರೋಪೇ ಒಪ್ಪಿತು.

ಕ್ಯೋನಿಗ್ಸ್‌ಬೆರ್ಗಿನವರು ಮಾತ್ರ ಒಪ್ಪಲಿಲ್ಲ. ನಮ್ಮನ್ನ ಕೇಳದೆ ಒಡೆಯನನ್ನ ಬದಲಾಯಿಸೋದು ಹೇಗೆ ಅಂತ ತಕರಾರು ತೆಗೆದರು. ಮುಂದಾಳು ಹಿರೋನಿಮಸ್ ರೋಟ್. 1662ರಲ್ಲಿ ದೊರೆ ಸೈನ್ಯ ಸಮೇತ ಊರಿಗೆ ಬಂದು ರೋಟ್‌ನನ್ನ ಹಿಡಿದು ಒಳಗೆ ಹಾಕಿಸಿದ. 1678ರಲ್ಲಿ ಸಾಯೋವರೆಗೂ ಪೈಟ್ಸ್ ಕೋಟೆಯ ಸೆರೆಮನೇಲೇ ಇದ್ದ. ಕ್ಷಮೆ ಕೇಳಿದ್ರೆ ಬಿಡ್ತಿದ್ರೇನೋ, ಅವನು ಕೇಳಲಿಲ್ಲ. ಇನ್ನೊಬ್ಬ ಕಾಲ್ಕ್‌ಸ್ಟೈನ್, ಜಮೀನ್ದಾರ. ವಾರ್ಸಾಗೆ ಓಡಿಹೋಗಿದ್ದ. 1670ರಲ್ಲಿ ಬೇರೆ ದೇಶದ ರಾಜಧಾನಿಯಿಂದಲೇ ಅವನನ್ನ ಎತ್ತಾಕಿಕೊಂಡು ಬಂದು 1672ರಲ್ಲಿ ಮೇಮೆಲ್‌ನಲ್ಲಿ ತಲೆ ತೆಗೆದರು.

ಸುಮ್ನೆ_ಓದ್ತೀನಿ

ಹದಿನಾರು ವರ್ಷ ಜೈಲು, ಕ್ಷಮೆ ಕೇಳಲಿಲ್ಲ. ಆ ರೋಟ್‌ಗೆ ಯಾರೂ "ಮಹಾ" ಅನ್ನಲಿಲ್ವಾ?

ಕುಡ್ಲದ_ಹುಡ್ಗಿ

ನೀವೆಲ್ಲ ಇವನನ್ನು ಎಂತ ದೊಡ್ಡ ಮರಳುಗಾಡಿನ ಸಿಪಾಯಿ ಮಾಡ್ತಾ ಇದ್ದೀರಿ ಮಾರಾಯ್ರೆ. ಅವನ ತಲೆಯಲ್ಲಿ ಇದ್ದದ್ದು ಸಮುದ್ರ. ಹುಡುಗ ಆಗಿರುವಾಗ ನಾಲ್ಕು ವರ್ಷ ಹಾಲೆಂಡಿನಲ್ಲಿ ಇದ್ದ, ಲೈಡನ್‌ನಲ್ಲಿ ಓದಿದ. ಸಣ್ಣ ದೇಶ, ನೀರಿನ ಮಧ್ಯೆ, ಆದರೂ ಹಡಗಿನಿಂದ ಲೋಕವನ್ನೇ ವ್ಯಾಪಾರಕ್ಕೆ ಇಟ್ಟುಕೊಂಡದ್ದನ್ನು ಕಣ್ಣಾರೆ ನೋಡಿದ್ದಾನೆ. ಮದುವೆ ಆದದ್ದೂ ಅಲ್ಲಿನ ಆರೆಂಜ್ ಮನೆತನದ ಲೂಯಿಸಾ ಹೆನ್ರಿಯೆಟಾಳನ್ನು, 1646ರಲ್ಲಿ.

ನಮ್ಮ ಕಡೆಗೆ ಒಂದು ಸಂಬಂಧ ಉಂಟು, ಯಾರಿಗಾದರೂ ಗೊತ್ತಾ? ತಮಿಳುನಾಡಿನ ತರಂಗಂಬಾಡಿಯಲ್ಲಿ ಡೇನರ ಡಾನ್ಸ್‌ಬೋರ್ಗ್ ಕೋಟೆ ಇದೆಯಲ್ಲ, ಅದನ್ನು ಕೊಂಡುಕೊಳ್ಳಲಿಕ್ಕೆ ಇವನು 1651ರಲ್ಲಿ ಡೆನ್ಮಾರ್ಕಿನ ಜೊತೆ ಕರಾರು ಮಾಡಿದ್ದ. ಈಸ್ಟ್ ಇಂಡಿಯಾ ಕಂಪನಿ ಕಟ್ಟುವ ಅಂದಾಜು. ಹಣ ಹೊಂದಲಿಲ್ಲ, ಕೈಬಿಟ್ಟ. ಹೊಂದಿದ್ದರೆ ಕೋರಮಂಡಲ ಕರಾವಳಿಯಲ್ಲಿ ಬ್ರಾಂಡೆನ್‌ಬುರ್ಗಿನ ಕೆಂಪು ಹದ್ದು ಹಾರ್ತಿತ್ತು.

ಪಿಯು_ಮೇಷ್ಟ್ರು

ಇದು ನನಗೆ ಹೊಸ ವಿಷಯ! 1651ರಲ್ಲಿ ಕೋಟೆ ಕೊಳ್ಳೋಕೆ ಹೊರಟವನು, 1653ರಲ್ಲಿ ತನ್ನ ಜಮೀನ್ದಾರರ ಮುಂದೆ ಕಂತಿಗೆ ಕೈ ಚಾಚಿದ್ದಾನೆ.

ಕಂದಾಯ_ಕಾಕಾ

ಕಿಸೆದಾಗ ಕಾಸಿಲ್ಲ, ಕಾಶಿಗೆ ಹೊಂಟಾನು ಅಂತಾರಲ್ರೀ.

ಬರ್ಲಿನ್_ಬೋಂಡ

ತಡವಾಗಿ ಬಂದೆ, ಶಿಫ್ಟ್ ಮುಗೀತು. ಎಂಟು ವರ್ಷದಿಂದ ಬರ್ಲಿನ್ನಲ್ಲಿದೀನಿ, ಹಾಗಾಗಿ ಈ ಮಹಾಶಯನನ್ನ ವಾರಕ್ಕೊಂದ್ಸಲ ನೋಡ್ತೀನಿ. ಶಾರ್ಲೊಟೆನ್‌ಬುರ್ಗ್ ಅರಮನೆ ಅಂಗಳದಲ್ಲಿ ಕುದುರೆ ಮೇಲೆ ಕೂತಿದಾನೆ, ಶ್ಲ್ಯೂಟರ್ ಮಾಡಿದ ಕಂಚಿನ ಪ್ರತಿಮೆ. ಮೊದಲು ಊರ ನಡುವಿನ ಸೇತುವೆ ಮೇಲಿತ್ತಂತೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿನಿಂದ ಉಳಿಸೋಕೆ ದೋಣಿ ಮೇಲೆ ಸಾಗಿಸಿದ್ರು, ಆ ದೋಣಿ ಟೇಗೆಲ್ ಬಂದರಲ್ಲಿ ಮುಳುಗಿತು. ಹಡಗಿನ ಕನಸು ಕಂಡವನು ಕೊನೆಗೆ ನೀರಿನ ತಳದಲ್ಲೇ ಕೆಲವು ವರ್ಷ ಇದ್ದ. ಆಮೇಲೆ ಎತ್ತಿ ತಂದು ಈಗಿನ ಜಾಗದಲ್ಲಿ ಇಟ್ಟರು.

ಪ್ರತಿಮೆ ಕೆಳಗೆ ನಾಲ್ಕು ಜನ ಸರಪಳಿ ಬಿಗಿದ ಬಂದಿಗಳಿದಾರೆ. ಅಮ್ಮ ಊರಿಂದ ಬಂದಾಗ ಅಲ್ಲಿಗೆ ಕರ್ಕೊಂಡ್ ಹೋದೆ. ದೊರೆ ಮುಖ ನೋಡ್ಲೇ ಇಲ್ಲ. "ಇವರ್ಯಾರು ಪಾಪ, ಇವರ್ನ ಯಾಕೆ ಕಟ್ಟಿದಾರೆ" ಅಂತ ಸುತ್ತ ಒಂದು ಸುತ್ತು ಹಾಕಿದ್ರು.

ಶರಾವತಿ_ತೀರ

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ.

ಕುಡ್ಲದ_ಹುಡ್ಗಿ

ಸರಪಳಿ ಬರೀ ಶಿಲ್ಪ ಅಲ್ಲ. ಅದನ್ನೂ ಹೇಳಿಬಿಡ್ತೇನೆ, ಇಲ್ಲದಿದ್ದರೆ ನಾನು ಸಮುದ್ರ, ಹಡಗು ಅಂತ ಚಂದ ಮಾಡಿ ಹೇಳಿದ ಹಾಗೆ ಆಗ್ತದೆ. ತರಂಗಂಬಾಡಿ ತಪ್ಪಿತು, ಆದರೆ 1682ರಲ್ಲಿ ಆಫ್ರಿಕಾ ಕಂಪನಿ ಕಟ್ಟಿದ. ಬೆಂಜಮಿನ್ ರೌಲೆ ಎಂಬ ಡಚ್ ವ್ಯಾಪಾರಿ ಅದರ ಹಿಂದೆ. 1683ರ ಜನವರಿ 1ಕ್ಕೆ ಈಗಿನ ಘಾನಾ ತೀರದಲ್ಲಿ ಬಾವುಟ ಹಾರಿಸಿ ಗ್ರೋಸ್ ಫ್ರೆಡ್ರಿಕ್ಸ್‌ಬುರ್ಗ್ ಕೋಟೆ ಶುರು ಮಾಡಿದರು. ಚಿನ್ನ, ದಂತ ಅಂತ ಹೆಸರಿಗೆ. ಮನುಷ್ಯರನ್ನೂ ಸಾವಿರಗಟ್ಟಲೆ ಹಡಗಿಗೆ ತುಂಬಿ ಕೆರಿಬಿಯನ್ ದ್ವೀಪಗಳಿಗೆ ಮಾರಿದ್ದಾರೆ. ಲಾಭ ಸಹ ಸರಿಯಾಗಿ ಆಗಲಿಲ್ಲ. ಮೊಮ್ಮಗ ಬಂದವನೇ ಆ ಕೋಟೆಯನ್ನು ಡಚ್ಚರಿಗೆ ಮಾರಿ ಕೈ ತೊಳೆದ.

ಬರ್ಲಿನ್_ಬೋಂಡ

ಹೌದು, ಆ ಬಾವುಟ ಹಾರಿಸಿದವನು ಫಾನ್ ಡೆರ್ ಗ್ರೋಬೆನ್. ಇಲ್ಲಿ ಶ್ಪ್ರೇ ನದಿ ದಂಡೆಯ ರಸ್ತೆಗೆ ಅವನ ಹೆಸರಿತ್ತು. 2010ರಲ್ಲಿ ತೆಗೆದು ಮಾಯ್ ಆಯಿಮ್ ಅನ್ನೋ ಕಪ್ಪು ಜರ್ಮನ್ ಕವಯಿತ್ರಿಯ ಹೆಸರಿಟ್ಟರು.

ಗುಂಡು_ಮದ್ದು

ಎಲ್ಲಿಂದ ಎಲ್ಲಿಗೋ ಹೋಯ್ತು. ನಾನು ಫೆರ್ಬೆಲ್ಲಿನ್ ಕಥೆ ಹೇಳ್ತೀನಿ, ಮೇಷ್ಟ್ರೇ, ಮಕ್ಕಳು ನಿದ್ದೆ ಮಾಡಲ್ಲ.

ದೊರೆ ದೂರದ ಫ್ರಾಂಕೋನಿಯಾದಲ್ಲಿ ಸೈನ್ಯದ ಜೊತೆ ಇದ್ದಾಗ ಸ್ವೀಡನ್ನಿನವರು ಬ್ರಾಂಡೆನ್‌ಬುರ್ಗಿಗೆ ನುಗ್ಗಿದರು. ಇವನು ಎರಡು ವಾರದಲ್ಲಿ ಮಾಗ್ಡೆಬುರ್ಗ್‌ಗೆ ಬಂದ. ಹೆಚ್ಚಿನ ಕಾಲಾಳುಗಳನ್ನ ಹಿಂದೆ ಬಿಟ್ಟು ಮುಖ್ಯವಾಗಿ ಕುದುರೆ ಸವಾರರ ಜೊತೆ ಮುಂದೆ ನುಗ್ಗಿದ. ಸೇನಾಪತಿ ಡೆರ್ಫ್‌ಲಿಂಗರ್, ಆಗಲೇ ಅರವತ್ತೊಂಬತ್ತರ ಮುದುಕ. ರಾಥೆನೋ ಊರಲ್ಲಿ ಸ್ವೀಡಿಷ್ ಅಧಿಕಾರಿಗಳಿಗೆ ಅಲ್ಲಿನ ಜಮೀನ್ದಾರನೊಬ್ಬ ರಾತ್ರಿ ಔತಣ ಕೊಟ್ಟು ಚೆನ್ನಾಗಿ ಕುಡಿಸಿದ್ದನಂತೆ, ಬೆಳಗಾಗೋದ್ರಲ್ಲಿ ಊರು ಕೈಗೆ ಬಂತು. ಮೂರು ದಿನ ಬಿಟ್ಟು ಫೆರ್ಬೆಲ್ಲಿನ್‌. ದೊರೆ ಬಿಳಿ ಕುದುರೆ ಮೇಲಿದ್ದ, ಶತ್ರುಗಳು ಅದಕ್ಕೇ ಗುರಿ ಇಡ್ತಿದ್ದರು. ಲಾಯದ ಅಧಿಕಾರಿ ಫ್ರೋಬೆನ್ ಕುದುರೆ ಅದಲುಬದಲು ಮಾಡಿಕೊಂಡ, ಮರುಕ್ಷಣ ಗುಂಡಿಗೆ ಬಲಿಯಾದ. ಸ್ವಾಮಿನಿಷ್ಠೆ ಅಂದ್ರೆ ಅದು! 1675ರ ಜೂನ್ 28.

ನಕಾಶೆ_ಹುಚ್ಚ

ಫ್ರೋಬೆನ್ ಸತ್ತದ್ದು ನಿಜ, ದೊರೆಯ ಹತ್ತಿರವೇ ಸತ್ತ. ಕುದುರೆ ಬದಲಾಯಿಸಿದ ಕಥೆ ಆಮೇಲೆ ಹುಟ್ಟಿಕೊಂಡದ್ದು. ದಯವಿಟ್ಟು ಕ್ಲಾಸಲ್ಲಿ ಅದನ್ನ ಇತಿಹಾಸ ಅಂತ ಹೇಳಬೇಡಿ.

ಸುಮ್ನೆ_ಓದ್ತೀನಿ

ನಾನು ಓದಿದ ಕಡೆ ಜೂನ್ 18 ಅಂತಿತ್ತು?

ನಕಾಶೆ_ಹುಚ್ಚ

ಎರಡೂ ಸರಿ. ಪ್ರಾಟೆಸ್ಟಂಟ್ ಜರ್ಮನ್ ನಾಡುಗಳು 1700ರವರೆಗೆ ಹಳೇ ಜೂಲಿಯನ್ ಪಂಚಾಂಗ ಬಿಟ್ಟಿರಲಿಲ್ಲ, ಹತ್ತು ದಿನ ಹಿಂದೆ ಇದ್ದರು. ಪೋಟ್ಸ್‌ಡಾಮ್ ಶಾಸನಕ್ಕೂ (1685ರಲ್ಲಿ ಫ್ರೆಂಚ್ ಪ್ರಾಟೆಸ್ಟಂಟರನ್ನ ತನ್ನ ನಾಡಿಗೆ ಕರೆದದ್ದು) ಹೀಗೇ ಎರಡು ತಾರೀಖು ಸಿಗತ್ತೆ, ಅಕ್ಟೋಬರ್ 29 ಮತ್ತು ನವೆಂಬರ್ 8. ನಮ್ಮಲ್ಲಿ ಎರಡು ಪಂಚಾಂಗ ಇಟ್ಟುಕೊಂಡು ಏಕಾದಶಿಗೆ ಜಗಳ ಆಡಲ್ವಾ, ಹಾಗೆ.

ಕಂದಾಯ_ಕಾಕಾ

ಗುಂಡಪ್ಪಾ, ಗೆದ್ದದ್ದು ಖರೆ. ಗೆದ್ದು ಏನು ಸಿಕ್ಕಿತು ಅದನ್ನೂ ಹೇಳು. ಸ್ವೀಡನ್ನಿನವರ ಕಡಿಂದ ಬಾಲ್ಟಿಕ್ ಸಮುದ್ರದ ದಂಡಿಯ ಪಶ್ಚಿಮ ಪೊಮೆರೇನಿಯಾ ಪೂರ್ತಿ ಕಸಗೊಂಡಾ, ಸ್ಟೆಟ್ಟಿನ್ ಬಂದರ ಕಸಗೊಂಡಾ. 1679ರಾಗ ಫ್ರಾನ್ಸಿನ ಲೂಯಿ ದೊರಿ ಕಣ್ಣು ಕೆಕ್ಕರಿಸಿದ ಕೂಡಲೇ ಹೆಚ್ಚೂಕಡಿಮಿ ಎಲ್ಲಾ ವಾಪಸ್ ಕೊಟ್ಟಾ. ಅದಾದ ಮ್ಯಾಲ ಅದೇ ಲೂಯಿ ಕಡೆ ವರ್ಷಾ ವರ್ಷಾ ರೊಕ್ಕ ಇಸಗೊಂಡು ಅವನ ಗೆಳ್ಯಾನೂ ಆದಾ. ಸೈನ್ಯದ ಖರ್ಚಿನ್ಯಾಗ ಪರದೇಶದ ರೊಕ್ಕಾನೂ ಐತಿ, ಅದನ್ನ ಮರೀಬಾರದು. ಇವತ್ತು ಡಚ್ಚರು, ನಾಳೆ ಚಕ್ರವರ್ತಿ, ನಾಡಿದ್ದು ಫ್ರಾನ್ಸು. ಮೈತ್ರಿ ಚಲೋನ, ಆದ್ರ ಸ್ವಂತ ಬಲ ಅದಕ್ಕಿಂತ ಚಲೋ, ಅಂತ 1667ರಾಗ ಮಗಗ ಬರದಿಟ್ಟಿದ್ದಾ. ಬರದದ್ದು ಖರೆ ಅಂತ ಹನ್ನೆರಡು ವರ್ಷದ ಮ್ಯಾಲ ತಾನ ಕಲತಾ.

ಅದಕ್ಕ ನಾ ಹೇಳೂದು, ರಾಜ್ಯ ಕಟ್ಟಿದ್ದು ರಣರಂಗದಾಗಲ್ಲ, ಕಚೇರಿಯೊಳಗ. ಮಾಸ್ತರ, ಬರಕೋರಿ.

ಯುದ್ಧದಾಗ ಸೈನ್ಯಕ್ಕ ಕಾಳುಕಡಿ, ಬಟ್ಟೆಬರಿ, ಸಂಬಳ ಹೊಂದಸಾಕ ಒಂದು ಇಲಾಖೆ ಮಾಡಿದ್ರು, ಯುದ್ಧ ಕಮಿಸರಿಯಟ್ ಅಂತ. ತಾತ್ಪೂರ್ತಿಕ. ನಮ್ಮ ಇಲಾಖೆಯೊಳಗೂ "ತಾತ್ಪೂರ್ತಿಕ" ಅಂತ ತಗದ ಟೇಬಲ್ ಮೂವತ್ತು ವರ್ಷ ನಡೀತಾವು, ಹಂಗನ ಇದೂ. 1660ರ ಮ್ಯಾಲ ಸ್ವಲ್ಪ ಸಣ್ಣದಾತು, ಮುಂದಿನ ಯುದ್ಧ ಬಂದಕೂಡಲೇ ಮತ್ತ ಉಬ್ಬಿತು. ಸೈನ್ಯಕ್ಕ ರೊಕ್ಕ ಬೇಕು, ಹಂಗಾಗಿ ತೆರಿಗಿ ನೋಡ್ಕೊಳ್ಳಾಕ ಹತ್ತಿತು. ತೆರಿಗಿ ಏರಬೇಕಂದ್ರ ವ್ಯಾಪಾರ ಏರಬೇಕು, ಹಂಗಾಗಿ ಪ್ಯಾಟಿಯ ಗಿರಣಿ, ನೇಕಾರರ ಸಂಘ, ತೂಕ-ಅಳತಿ ಎಲ್ಲಾದರಾಗೂ ಕೈ ಹಾಕಿತು. ಮೊಮ್ಮಗನ ಕಾಲಕ್ಕ, 1723ರಾಗ, ಇದೂ ದೊರಿಯ ಸ್ವಂತ ಜಮೀನಿನ ಇಲಾಖೆಯೂ ಕೂಡಿ ಜನರಲ್ ಡೈರೆಕ್ಟರಿ ಅಂತ ಆತು. ಅಡಗಿ ಮನಿಯ ಭಟ್ಟ ಬಂದು ದೇವಸ್ಥಾನದ ಕಮಿಟಿ ಚೇರ್ಮನ್ ಆದಂಗ.

ಪಿಯು_ಮೇಷ್ಟ್ರು

ಕಾಕಾ, ಪಟ್ಟಣ ಅಂದ್ರಿ. ಸುಂಕದ ವಿಷಯ ಹೇಳಿಲ್ಲ ನೀವು.

ಕಂದಾಯ_ಕಾಕಾ

ಅದಕ್ಕ ಬರಾಕತ್ತಿದ್ನಿ. ಹಳ್ಳಿಯೊಳಗ ರೈತನ ಮ್ಯಾಲ ನೇರ ತೆರಿಗಿ. ಪಟ್ಟಣದಾಗ ಸುಂಕ: ಬಿಯರ್, ಹಿಟ್ಟು, ಮಾಂಸ, ಬಟ್ಟಿ, ಏನ ಮಾರಿದ್ರೂ ಅಷ್ಟಿಷ್ಟು. 1667ರಾಗ ಬೇಕಾದ ಪಟ್ಟಣ ತಗೋಬೌದು ಅಂತ ಇಟ್ಟಾ, 1680ರ ದಶಕದಾಗ ಬ್ರಾಂಡೆನ್‌ಬುರ್ಗದ ಪಟ್ಟಣಕ್ಕೆಲ್ಲಾ ಕಡ್ಡಾಯ ಮಾಡಿದಾ.

ಇದರ ಜಾಣತನ ನೋಡ್ರಿ. ನೇರ ತೆರಿಗಿಗೆ ಸಭಾದ ಒಪ್ಪಿಗಿ ಬೇಕು, ಮತ್ತ ಮತ್ತ ಕೇಳಬೇಕು. ಸುಂಕ ಒಮ್ಮೆ ಹಚ್ಚಿದ್ರ ಮುಗೀತು, ಜನ ಉಂಡಷ್ಟೂ ದಿನಾ ಬರ್ತದ, ವ್ಯಾಪಾರ ಬೆಳದ್ರ ತಾನಾಗೇ ಬೆಳೀತದ. ಯಾರನ್ನೂ ಕೇಳೂದು ಬ್ಯಾಡ. ಇನ್ನೊಂದು, ಸುಂಕ ನೋಡಾಕಂತ ಪಟ್ಟಣಕ್ಕೊಬ್ಬ ಸರಕಾರಿ ಮನಿಷ್ಯಾ ಬಂದು ಕುಂತಾ. ಮೊದಲ ಬಿಯರ್ ಪೀಪಾಯಿ ಎಣಸಾಂವ. ಬರಬರತ ಪುರಸಭಾದ ಲೆಕ್ಕ ನೋಡಾಂವ, ಕಡೀಕ ಪುರಸಭಾಕ್ಕ ಹುಕುಂ ಮಾಡಾಂವ.

ಜಮೀನ್ದಾರರು ಮಾತ್ರ, ನಮ್ಮ ಹಳ್ಳಿಗೆ ಸುಂಕ ಬ್ಯಾಡ ಅಂದ್ರು. ಆತು ಅಂದಾ. ಊರಿಗೊಂದು ನ್ಯಾಯ. ಶರಾವತಿ ಅವ್ವಾರು ಹೇಳಿದ್ದು ಇಲ್ಲೂ ಖರೆ ಐತಿ ಅಂತ ಒಪ್ಪಗೋತೀನಿ.

ಬರ್ಲಿನ್_ಬೋಂಡ

ಇದಕ್ಕೆ ಒಂದು ಬಾಲ ಸೇರಿಸ್ತೀನಿ. ಪಟ್ಟಣಕ್ಕೆ ಸುಂಕ, ಹಳ್ಳಿಗೆ ಇಲ್ಲ ಅಂದ್ರೆ ಬಾಗಿಲು ಬೇಕು, ಬಾಗಿಲಿಗೆ ಗೋಡೆ ಬೇಕು. ಮೊಮ್ಮಗನ ಕಾಲದಲ್ಲಿ 1730ರ ದಶಕದಲ್ಲಿ ಬರ್ಲಿನ್ ಸುತ್ತ ಸುಂಕದ ಗೋಡೆ ಕಟ್ಟಿದರು. ಆ ಗೋಡೆಯ ಒಂದು ಬಾಗಿಲಿದ್ದ ಜಾಗದಲ್ಲೇ ಈಗಿನ ಬ್ರಾಂಡೆನ್‌ಬುರ್ಗ್ ಗೇಟ್ ಇರೋದು, 1791ರಲ್ಲಿ ಮುಗಿದದ್ದು. ಪ್ರವಾಸಿಗಳು ಸೆಲ್ಫಿ ತೆಗೆದುಕೊಳ್ಳೋ ಜಾಗ ಅಸಲಿಗೆ ಒಂದು ಟೋಲ್ ನಾಕಾ.

ಸುಮ್ನೆ_ಓದ್ತೀನಿ

ಫಾಸ್ಟ್ಯಾಗ್ ಇರ್ಲಿಲ್ಲ ಅಷ್ಟೇ 😄

ಕುಡ್ಲದ_ಹುಡ್ಗಿ

ಜನ ಬಂದದ್ದನ್ನು ಯಾರೂ ಹೇಳ್ಲೇ ಇಲ್ಲ. ಅರ್ಧ ಖಾಲಿ ನಾಡಿನಲ್ಲಿ ಸುಂಕ ಯಾರ ಹತ್ರ ವಸೂಲು ಮಾಡುವುದು? 1685ರ ಅಕ್ಟೋಬರಿನಲ್ಲಿ ಲೂಯಿ ಫ್ರಾನ್ಸಿನ ಪ್ರಾಟೆಸ್ಟಂಟರ ರಕ್ಷಣೆ ರದ್ದು ಮಾಡಿದ. ಮೂರು ವಾರದ ಒಳಗೆ ಇವನು ಪೋಟ್ಸ್‌ಡಾಮ್ ಶಾಸನ ಹೊರಡಿಸಿ, ಬನ್ನಿ ಅಂದ. ಕೆಲವು ವರ್ಷ ತೆರಿಗೆ ಇಲ್ಲ, ಮನೆ ಕಟ್ಟಲಿಕ್ಕೆ ಸಾಮಾನು, ನಿಮ್ಮದೇ ಭಾಷೆಯಲ್ಲಿ ಚರ್ಚು, ನಿಮ್ಮದೇ ನ್ಯಾಯಾಧೀಶರು. ಸುಮಾರು 20,000 ಹ್ಯೂಗೆನಾಟರು (ಆ ಫ್ರೆಂಚ್ ಪ್ರಾಟೆಸ್ಟಂಟರು) ಬಂದರು. ನೇಕಾರರು, ಟೊಪ್ಪಿ ಮಾಡುವವರು, ಗಡಿಯಾರದವರು, ತೋಟದವರು, ಸೈನ್ಯಾಧಿಕಾರಿಗಳು.

ಅವನಿಗೆ ಧರ್ಮದ ಕಾರಣವೂ ಇತ್ತು ಅನ್ನಿ. ದೊರೆ ಮನೆಯವರು ಕ್ಯಾಲ್ವಿನ್ ಪಂಥ, ಪ್ರಜೆಗಳು ಬಹುಪಾಲು ಲೂಥರ್ ಪಂಥ, ಎರಡೂ ಪ್ರಾಟೆಸ್ಟಂಟರದ್ದೇ. ಬಂದವರು ದೊರೆಯ ಪಂಥದವರು.

ಶರಾವತಿ_ತೀರ

ಸಹಿಷ್ಣುತೆ ಅಂತ ತೀರಾ ಹೂವು ಏರಿಸಬೇಡಿ. ವಿಯೆನ್ನಾದಿಂದ ಹೊರಹಾಕಿದ ಯಹೂದಿಗಳಲ್ಲಿ 50 ಕುಟುಂಬಗಳನ್ನ 1671ರಲ್ಲಿ ಒಳಗೆ ಬಿಟ್ಟ. ಉಳ್ಳವರನ್ನ ಮಾತ್ರ, ಇಪ್ಪತ್ತು ವರ್ಷಕ್ಕೆ ಮಾತ್ರ, ರಕ್ಷಣಾ ಶುಲ್ಕ ಕಟ್ಟಬೇಕು, ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಕಟ್ಟೋ ಹಾಗಿಲ್ಲ. ಲೂಥರ್ ಪಂಥದ ಪಾದ್ರಿಗಳು ಕ್ಯಾಲ್ವಿನ್ ಪಂಥದವರನ್ನ ಉಪದೇಶದಲ್ಲಿ ಬಯ್ಯಬಾರದು ಅಂತ ಶಾಸನ ಮಾಡಿ ಅದಕ್ಕೆ ಸಹಿ ಹಾಕಿ ಅಂದ. ಪಾವ್ಲ್ ಗೆರ್ಹಾರ್ಟ್, ಇವತ್ತಿಗೂ ಚರ್ಚುಗಳಲ್ಲಿ ಹಾಡುವ ಸ್ತೋತ್ರಗಳನ್ನ ಬರೆದವನು, ಸಹಿ ಹಾಕಲ್ಲ ಅಂದದ್ದಕ್ಕೆ ಬರ್ಲಿನ್ನಿನ ಕೆಲಸ ಕಳಕೊಂಡ. ಜನ ಬೇಕಿತ್ತು, ಕೈಕಸಬು ಬೇಕಿತ್ತು, ಕರೆದ. ಅದು ತಪ್ಪು ಅಂತಿಲ್ಲ, ಆದರೆ ಹೆಸರು ಸರಿಯಾಗಿ ಇಡೋಣ.

ಬರ್ಲಿನ್_ಬೋಂಡ

ಇಬ್ಬರದ್ದೂ ಸರಿ. ಗೆಂಡಾರ್ಮೆನ್ ಮಾರ್ಕ್ಟ್ ಅನ್ನೋ ಚೌಕದಲ್ಲಿ ಫ್ರೆಂಚರ ಚರ್ಚು ಈಗಲೂ ಇದೆ. 1700ರ ಹೊತ್ತಿಗೆ ಬರ್ಲಿನ್ನಿನ ಐವರಲ್ಲೊಬ್ಬ ಫ್ರೆಂಚ್ ಅಂತ ಹೇಳೋದುಂಟು. ಇಲ್ಲಿನವರು ಹುರಿದ ಮಾಂಸದ ಉಂಡೆಗೆ ಬುಲೆಟೆ ಅಂತಾರೆ, ಅದು ಫ್ರೆಂಚ್ ಪದವೇ.

ಹಾಗೇ ಆಲೂಗಡ್ಡೆನೂ ಮಹಾ ಎಲೆಕ್ಟರ್ರೇ ತಂದು ಜನಕ್ಕೆ ತಿನ್ನೋಕೆ ಕಲಿಸಿದ್ದು ಅಂತ ನನ್ನ ಫ್ಲಾಟಿನ ಓನರ್ ಹೇಳ್ತಿದ್ರು.

ನಕಾಶೆ_ಹುಚ್ಚ

ಓನರ್‌ಗೆ ಫ್ರೆಡ್ರಿಕ್‌ಗಳು ಕಲಸಿಹೋಗಿದ್ದಾರೆ. ಇವನು ಅರಮನೆ ತೋಟದಲ್ಲಿ ಆಲೂಗಡ್ಡೆ ಗಿಡ ಬೆಳೆಸಿದ್ದು ಹೂವಿಗೆ, ಅಪರೂಪದ ಗಿಡ ಅಂತ. ಹೊಲದಲ್ಲಿ ಹಾಕಿ ಅಂತ ಹುಕುಂ ಮಾಡಿದ್ದು ಮರಿಮಗ ಎರಡನೇ ಫ್ರೆಡ್ರಿಕ್, 1756ರಲ್ಲಿ. ಈ ವಂಶದಲ್ಲಿ ಒಬ್ಬ ಫ್ರೆಡ್ರಿಕ್ ವಿಲ್ಹೆಲ್ಮ್, ಅವನ ಮಗ ಫ್ರೆಡ್ರಿಕ್, ಅವನ ಮಗ ಮತ್ತೆ ಫ್ರೆಡ್ರಿಕ್ ವಿಲ್ಹೆಲ್ಮ್, ಅವನ ಮಗ ಮತ್ತೆ ಫ್ರೆಡ್ರಿಕ್. ಅಜ್ಜನ ಹೆಸರು ಇಡೋ ಪದ್ಧತಿ ನಮ್ಮಲ್ಲಷ್ಟೇ ಅಲ್ಲ. ಮೇಲೆ ಬಂದ ಮೊಮ್ಮಗ ಇದ್ದಾನಲ್ಲ, 1713ರಿಂದ 1740ರವರೆಗೆ ಆಳಿದವನು, ಸೈನ್ಯವನ್ನ 80,000 ದಾಟಿಸಿದವನು ಅವನು.

ಮಂಡ್ಯದ_ಮಾತುಗಾರ

ಇದೇ ಹೊತ್ತಿಗೆ ಮೈಸೂರಲ್ಲಿ ನಮ್ ಚಿಕ್ಕದೇವರಾಜ ಒಡೆಯರು (1673-1704) ಇದ್ರಲ್ಲ ಸ್ವಾಮಿ, ಕಚೇರಿ, ತೆರಿಗೆ, ಅಂಚೆ ಎಲ್ಲಾ ಅವರೂ ಮಾಡಿದ್ರು. ಜರ್ಮನಿಗೆ ಯಾಕ್ ಹೋಗ್ಬೇಕು?

ನಿರ್ವಾಹಕ

ಅದಕ್ಕೆ ಬೇರೆ ಎಳೆ ತೆಗೀರಿ, ಖಂಡಿತ ಓದ್ತೀವಿ. ಇಲ್ಲಿ ಬ್ರಾಂಡೆನ್‌ಬುರ್ಗ್ ಬಿಟ್ಟು ಹೋಗಬೇಡಿ.

ಗುಂಡು_ಮದ್ದು

ಸರಿ, ಸೋತೆ ಅಂತ ಅಲ್ಲ, ಒಂದು ಮಾತು ಒಪ್ಪಿಕೊಳ್ತೀನಿ. ನೀವೆಲ್ಲ ಹೇಳಿದ ಮೇಲೆ ಸಂಖ್ಯೆ ಸಾಲಾಗಿ ಬರೆದು ನೋಡಿದೆ. 1641-42ರಲ್ಲಿ ಸುಮಾರು 3,000. 1640ರ ದಶಕದ ನಡುವೆ 8,000. 1655-60ರ ಯುದ್ಧದಲ್ಲಿ 25,000 ಹತ್ರ. 1670ರ ದಶಕದ ಯುದ್ಧದಲ್ಲಿ 38,000. ಪ್ರತಿ ಜಿಗಿತವೂ ಯುದ್ಧದ ಜೊತೇಲೇ ಬಂದಿದೆ. ಯುದ್ಧ ಮುಗಿದ ಮೇಲೆ ಇಳಿದಿದೆ, ಆದ್ರೆ ಮೊದಲಿದ್ದಷ್ಟು ಕೆಳಕ್ಕೆ ಇಳಿದಿಲ್ಲ. ಹಾಗಾದ್ರೆ ಮೊದಲು ಬಂದದ್ದು ಸೈನ್ಯಾನೂ ಅಲ್ಲ, ತೆರಿಗೆನೂ ಅಲ್ಲ. ಯುದ್ಧದ ಭಯ.

ಶರಾವತಿ_ತೀರ

ತಮ್ಮಾ, ಇದು ನೀನು ಹೇಳಿದ್ರಲ್ಲಿ ಅತಿ ಒಳ್ಳೇ ಮಾತು. "ತುರ್ತು" ಅಂತ ಹಾಕಿದ ತೆರಿಗೆ ತುರ್ತು ಮುಗಿದ ಮೇಲೂ ಹೋಗಲಿಲ್ಲ.

ನಕಾಶೆ_ಹುಚ್ಚ

ಇನ್ನೊಂದು ವಿಚಿತ್ರ ಹೇಳಿ ಮಲಗ್ತೀನಿ. ಮೂರು ಚೂರನ್ನ ನಲವತ್ತೆಂಟು ವರ್ಷ ಕಷ್ಟಪಟ್ಟು ಹೊಲಿದವನು, ಸಾಯೋ ಮುಂಚೆ ಬರೆದ ಉಯಿಲಲ್ಲಿ ಎರಡನೇ ಹೆಂಡತಿ ಡೊರೋಥಿಯಾಳ ಮಕ್ಕಳಿಗೂ ನೆಲ ಹಂಚಿಬಿಟ್ಟಿದ್ದ! ಅಂದ್ರೆ ಅವನ ಮನಸ್ಸಲ್ಲಿ ಅದು ಕೊನೇವರೆಗೂ ಮನೆ ಆಸ್ತಿ. ಹಿರಿ ಮಗ ಉಯಿಲನ್ನ ಪಕ್ಕಕ್ಕಿಟ್ಟು, ತಮ್ಮಂದಿರಿಗೆ ಬೇರೆ ಏನೇನೋ ಕೊಟ್ಟು ಸಮಾಧಾನ ಮಾಡಿ, ಎಲ್ಲ ಒಟ್ಟಿಗೇ ಉಳಿಸಿಕೊಂಡ. 1701ರಲ್ಲಿ ಕ್ಯೋನಿಗ್ಸ್‌ಬೆರ್ಗಲ್ಲಿ ಕಿರೀಟ ಇಟ್ಟುಕೊಂಡು ರಾಜ ಅನ್ನಿಸಿಕೊಂಡವನು ಆ ಮಗನೇ.

ಕಂದಾಯ_ಕಾಕಾ

ವಾಟಣಿ ಪತ್ರ ಎಲ್ಲಾ ಕಡೆ ಒಂದ ನೋಡ್ರಿ. 😀

ಪಿಯು_ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಶುಕ್ರವಾರದ ಕ್ಲಾಸ್ ಮುಗಿಸಿ ಬರೀತಿದೀನಿ.

ಬೋರ್ಡ್ ಮೇಲೆ ಮೂರು ಚೂರಿನ ನಕಾಶೆ ಬರೆದೆ. ಹೆಪ್ಪಿನ ಕಥೆ ಹೇಳಿದೆ, ನಗು ಬಂತು, ಅರ್ಥಾನೂ ಆಯ್ತು. ಗುಂಡು_ಮದ್ದು ಅವರ ಸಂಖ್ಯೆಗಳನ್ನ ಸಾಲಾಗಿ ಬರೆದೆ. ಫ್ರೋಬೆನ್ ಕುದುರೆ ಕಥೆ ಹೇಳಿ, ಇದು ಕಟ್ಟುಕಥೆ ಅಂತಾನೂ ಹೇಳಿದೆ. ಒಬ್ಬ ಹುಡುಗನಿಗೆ ಬಹಳ ಬೇಜಾರಾಯ್ತು.

ಆ ಹುಡುಗಿ ಕೊನೇವರೆಗೂ ಸುಮ್ಮನಿದ್ದಳು. ಆಮೇಲೆ ಎದ್ದು, "1653ರ ಸಭೆಯಲ್ಲಿ ಜಮೀನ್ದಾರರು, ಪಟ್ಟಣದವರು ಕೂತಿದ್ರು ಅಂದ್ರಿ. ರೈತರ ಕಡೆಯಿಂದ ಯಾರು ಕೂತಿದ್ರು ಸಾರ್?" ಅಂದಳು.

ಯಾರೂ ಇಲ್ಲ ಅಂದೆ. ಬರೆದುಕೊಂಡಳು.

ಬರ್ಲಿನ್_ಬೋಂಡ

ಮೇಷ್ಟ್ರೇ, ಭಾನುವಾರ ಶಾರ್ಲೊಟೆನ್‌ಬುರ್ಗ್ ಕಡೆ ಹೋಗ್ತೀನಿ. ಪ್ರತಿಮೆ ಫೋಟೋ ಬೇಕಾ ಕ್ಲಾಸಿಗೆ? ದೊರೆದು ತೆಗೀಲಾ, ಕೆಳಗಿನವರದ್ದಾ?

ಪಿಯು_ಮೇಷ್ಟ್ರು

ಎರಡೂ. ಕೆಳಗಿನವರ ಮುಖ ಹತ್ತಿರದಿಂದ ಬರಲಿ.